ಅನಂತಮತಿಗೆ ಜಾಮೀನು ನಿಂತವಳು

ನನ್ನ ಹೆಂಡತಿ ಅನಂತಮತಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ಮಡಂತ್ಯಾರಿನ ಸಹಕಾರಿ ಸೊಸೈಟಿಯಿಂದ ಬಂದ ಫೋನಿನಲ್ಲಿ. ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆಂದು ಹೊರಟವಳು ಸೊಸೈಟಿಯ ಬೆಂಚಿನ ಮೇಲೆ ಕುಳಿತಲ್ಲಿಯೇ ಪ್ರಾಣ ಬಿಟ್ಟಿದ್ದಳು. ಅಲ್ಲಿಗೆ ಏಕೆ ಹೋಗಿದ್ದಳೆಂದು ಆ ದಿನ ನಾನು ಕೇಳಲಿಲ್ಲ.

ನಾನು ಬಸದಿಯಲ್ಲಿ ಪೂಜೆ ಮಾಡುವವನು. ಊರಿನವರು ಇಂದ್ರರು ಎನ್ನುತ್ತಾರೆ. ಸಾಲ ಮಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅನಂತಮತಿ ಸೊಸೈಟಿಯ ಸದಸ್ಯಳಾಗಿದ್ದಳು. ನಾನು ಅದರ ಮೆಟ್ಟಿಲನ್ನೂ ಹತ್ತಿದವನಲ್ಲ.

ಮೂರು ತಿಂಗಳ ಮೇಲೆ ಅವಳ ಪಾಲುಹಣ ಹಿಂದಕ್ಕೆ ಪಡೆಯಲೆಂದು ಹೋದೆ. ಸೆಕ್ರೆಟರಿ ಜಿತೇಶ ಎದ್ದು ಕುರ್ಚಿ ಕೊಟ್ಟ.

"ಪಾಲುಹಣ ಈಗ ಕೊಡ್ಲಿಕ್ಕೆ ಆಗುದಿಲ್ಲ ಇಂದ್ರರೇ. ಅಮ್ಮನವರ ಹೆಸರಲ್ಲಿ ಸಾಲ ಉಂಟು."

"ಯಾವ ಸಾಲ?"

"ನಿಮ್ಮ ಕಣ್ಣಿನ ಆಪರೇಶನಿಗೆ ತೆಗೆದದ್ದು. ಇನ್ನು ಇಪ್ಪತ್ತೆರಡು ಸಾವಿರ ಬಾಕಿ."

ಹಣ ಎಲ್ಲಿಂದ ಬಂತೆಂದು ಆಗ ಕೇಳಿದ್ದೆ. ಕೂಡಿಟ್ಟದ್ದು ಎಂದಿದ್ದಳು. ಆ ಸೋಮವಾರ ಸೊಸೈಟಿಗೆ ಹೋದದ್ದು ಕಂತು ಕಟ್ಟಲೆಂದು ಈಗ ತಿಳಿಯಿತು.

"ಹಾಗಾದರೆ ಕಂತು ನಿಂತು ಮೂರು ತಿಂಗಳಾಯಿತು," ಎಂದೆ.

"ನಿಂತಿಲ್ಲ. ಜಾಮೀನು ನಿಂತವರು ಖತೀಜಮ್ಮ, ಅವರೇ ಕಟ್ತಾ ಇದ್ದಾರೆ. ದುಃಖದಲ್ಲಿರುವವರ ಹತ್ರ ಹಣ ಕೇಳ್ತೀಯಾ ಅಂತ ನನಗೆ ಬೈದ್ರು." ಮತ್ತೆ ಹೇಳಿದ: "ಅವರದ್ದು ಹೊಸ ಹೊಲಿಗೆ ಮೆಶಿನಿಗೆ ಅರ್ಜಿ ಉಂಟು. ತೀರಿಕೊಂಡವರ ಹೆಸರಲ್ಲಿ ಈ ಸಾಲ ಹೀಗೇ ನೇತಾಡ್ತಾ ಇದ್ರೆ ಶನಿವಾರದ ಮೀಟಿಂಗಿನಲ್ಲಿ ಪಾಸಾಗುದಿಲ್ಲ."

ಖತೀಜಮ್ಮನ ಹೊಲಿಗೆಯ ಕೋಣೆ ಬಸ್ ನಿಲ್ದಾಣದ ಹಿಂದೆ. ಹಳೆಯ ಮೆಶಿನಿನ ಪೆಡಲಿಗೆ ಹಗ್ಗ ಕಟ್ಟಿತ್ತು.

"ನನಗೆ ಹೇಳಬೇಕಿತ್ತಲ್ಲ ಖತೀಜಮ್ಮ."

"ಹೇಗೆ ಹೇಳುದು? ಸಾಲ ಅಂದ್ರೆ ನೀವು ಹಾವು ಕಂಡ ಹಾಗೆ ಹಾರ್ತೀರಿ ಅಂತ ಅಕ್ಕ ಹೇಳಿ ಹೇಳಿ ನಗ್ತಿದ್ರು." ಅವಳು ಬಟ್ಟೆಯಿಂದ ತಲೆ ಎತ್ತಲಿಲ್ಲ. "ಮಗಳ ಹೆರಿಗೆಗೆ ನಾನು ಸಾಲ ತೆಗೆದಾಗ ಅಕ್ಕ ನಿಂತ್ರು. ಅವರಿಗೆ ನಾನು ನಿಂತೆ. ಅಷ್ಟೇ ಮಾರಾಯ್ರೆ."

ಮರುದಿನ ಜಿತೇಶನ ಮುಂದೆ ಕುಳಿತು, ಸಾಲವನ್ನು ನನ್ನ ಹೆಸರಿಗೆ ಬರೆ ಎಂದೆ.

"ಬರೆಯುವ. ಮೊದಲು ನೀವು ಸದಸ್ಯರಾಗ್ಬೇಕು. ಮತ್ತೆ ಒಬ್ಬರು ಜಾಮೀನು ಬೇಕು."

ಪಾಲಿನ ಹಣ ಕಟ್ಟಿದೆ. ಎಪ್ಪತ್ತಾರು ವರ್ಷದವನಿಗೆ ಯಾರು ಜಾಮೀನು ನಿಲ್ಲುತ್ತಾರೆ? ಇಬ್ಬರು ನೆಂಟರಿಗೆ ಫೋನ್ ಮಾಡಿದೆ. ಒಬ್ಬರು ಆಮೇಲೆ ಹೇಳುತ್ತೇನೆ ಎಂದರು. ಇನ್ನೊಬ್ಬರು ಎತ್ತಲಿಲ್ಲ. ಅಷ್ಟರಲ್ಲಿ ಜಿತೇಶ ಯಾರಿಗೋ ಹೇಳಿಕಳುಹಿಸಿದ್ದ. ಖತೀಜಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಳು.

"ಪುನಃ ನಾನಾ?" ಎಂದು ಪೆನ್ನು ತೆಗೆದುಕೊಂಡಳು. "ಅಕ್ಕನ ಹಾಗೆ ಹೇಳದೆ ಕೇಳದೆ ಹೊರಟು ಬಿಡ್ಬಾರ್ದು. ಕಂತು ಮುಗಿಸಿಯೇ ಹೋಗ್ಬೇಕು, ಆಯ್ತಾ?"

ಜಿತೇಶ ನಕ್ಕ. ನನಗೂ ನಗು ಬಂತು. ಅನಂತಮತಿ ಹೋದ ಮೇಲೆ ಬಂದ ಮೊದಲ ನಗು.

ಅನಂತರ ಅವನು ಖತೀಜಮ್ಮನ ಅರ್ಜಿಯನ್ನು ನನ್ನ ಕಡೆಗೆ ಸರಿಸಿದ. ಜಾಮೀನುದಾರರ ಜಾಗ ಖಾಲಿ ಇತ್ತು. ಅಲ್ಲಿ ಅನಂತಮತಿ ಸಹಿ ಹಾಕುವವಳಿದ್ದಳು. ಅಕ್ಷರಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಸಹಿ ಹಾಕಿದೆ.

"ಇನ್ನು ಹೊರಡಿ," ಎಂದಳು ಖತೀಜಮ್ಮ. "ಹೊತ್ತು ಮುಳುಗುವ ಮೊದಲು ಊಟ ಆಗ್ಬೇಕಲ್ಲ ನಿಮಗೆ. ಈ ಬಸ್ಸು ತಪ್ಪಿದ್ರೆ ಉಪವಾಸವೇ."

ಅದನ್ನೂ ಅನಂತಮತಿ ಅವಳಿಗೆ ಹೇಳಿದ್ದಿರಬೇಕು.

ಶನಿವಾರದ ಮೀಟಿಂಗಿನಲ್ಲಿ ಎರಡು ಅರ್ಜಿಗಳೂ ಪಾಸಾದವು. ಆ ಸಂಜೆ ಬಸದಿಯಲ್ಲಿ ದೀಪ ಹಚ್ಚಿ ಕೈ ಮುಗಿದೆ. ಸ್ವಾಮೀ, ಅವಳು ನನಗೆ ಹೇಳಿದ ಸುಳ್ಳಿಗೆ ನನ್ನ ಹಟವೇ ಕಾರಣ, ಅದನ್ನು ಕ್ಷಮಿಸು. ಅವಳಿಗಾಗಿ ಕಂತು ಕಟ್ಟಿದವಳ ಮನೆ ತಣ್ಣಗಿರಲಿ. ಅನಂತಮತಿಯ ಆತ್ಮಕ್ಕೆ ಶಾಂತಿ ಸಿಗಲಿ, ಸದ್ಗತಿಯಾಗಲಿ.