ಅಮರಗೋಳದ ದರದ ಪರದೆ

೨೦೦೭ರ ಛಟ್ಟಿ ಅಮಾವಾಸ್ಯೆಗೆ ಅಮರಗೋಳದ ಮಾರುಕಟ್ಟೆ ಬಂದ್ ಇತ್ತು. ನೀಲಕಂಠಪ್ಪನವರ ದಲಾಲಿ ಅಂಗಡಿಯ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು, ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು ಅಂದೇ ಅಪ್‌ಡೇಟ್ ಮಾಡಿದೆ. ಮಕ್ಕಳ ಊಟದ ಹೊತ್ತಾಗಿತ್ತು; ಮತ್ತೆ ಚಾಲು ಮಾಡಿ ನೋಡದೆ ಮನೆಗೆ ಹೋದೆ. ಮರುದಿನ ಬೆಳಿಗ್ಗೆ, ಹತ್ತಿಯ ದರ ತೋರಿಸುವ ಗೋಡೆಯ ಟಿವಿ ಕಪ್ಪಾಗಿತ್ತು; ಮೇಜಿನ ಮಾನಿಟರಿನಲ್ಲೂ ಬರಿ ಅಕ್ಷರಗಳ ಸಾಲು ಬಿಟ್ಟರೆ ಏನೂ ಇರಲಿಲ್ಲ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸಲು ಅದರ ಕಂಪನಿ ಕೊಟ್ಟಿದ್ದ ತಂತ್ರಾಂಶ, ಅಂದರೆ ಡ್ರೈವರ್, ಹೊಸ ಲಿನಕ್ಸಿಗೆ ಒಗ್ಗಿರಲಿಲ್ಲ.

"ಬಾ ದೇವಕ್ಕ, ಕೈ ಕೊಡು," ಎಂದು ಖರೀದಿದಾರ ಉಳವಪ್ಪ ಹೆಗಲ ಟವೆಲ್ ಹರವಿದ. ಟವೆಲ್ಲಿನಡಿ ಬೆರಳು ಹಿಡಿದು ದರ ಹೇಳುವುದು ಹಳೆಯ ರೂಢಿ. ಖರೀದಿದಾರ ಪಕ್ಕದವರಿಗೆ ಎಷ್ಟು ಕೊಟ್ಟ ಎಂಬುದು ಯಾರಿಗೂ ತಿಳಿಯದು. ಅದು ನಿಲ್ಲಲೆಂದೇ ಆ ಟಿವಿ ಹಾಕಿದ್ದೆವು.

ಬ್ಯಾಹಟ್ಟಿಯ ದೇವಕ್ಕ ಹತ್ತಿ ತುಂಬಿದ ತನ್ನ ದೊಡ್ಡ ಚೀಲದ, ಅಂಡಿಗೆಯ, ಮೇಲಿಂದ ಏಳಲಿಲ್ಲ. "ಕೈ ಯಾಕ ಕೊಡ್ಲಿ? ನಿನ್ನ ಲಗ್ನ ಆಗಾಕ ಬಂದೇನೇನು? ಟಿವ್ಯಾಗ ಬರ್ಲಿ, ಆಮ್ಯಾಲ ಕೊಡ್ತೇನಿ."

"ಟಿವಿ ಸತ್ತೈತಿ ಬೇ. ಈ ಸೌಮ್ಯಕ್ಕ ಅಮಾಸಿ ದಿನ ಮುಟ್ಟ್ಯಾಳ." ಉಳವಪ್ಪ ನನ್ನ ಕಡೆ ಕೈ ತೋರಿಸಿದ.

ಕಾರ್ಡಿನ ಕಂಪನಿಗೆ ಫೋನ್ ಹಚ್ಚಿದೆ.

"ಲಿನಕ್ಸ್‌ಗೆ ನಮ್ಮ ಸಪೋರ್ಟ್ ಇಲ್ಲ ಮೇಡಂ. ವಿಂಡೋಸ್ ಹಾಕ್ಕೊಳ್ಳಿ."

"ಹಂಗಾರ ಡ್ರೈವರ್ ಒಳಗ ಏನೈತಿ ಅಂತ ಹೇಳ್ರಿ, ನಾವ ಸರಿ ಮಾಡ್ಕೋತೇವಿ."

"ಅದು ಕಂಪನಿ ಗುಟ್ಟು ಮೇಡಂ."

ಮೈ ಉರಿಯಿತು. ಕಾರ್ಡು ನಮ್ಮದು, ಅದು ನಡೆಯುವ ರೀತಿ ಮಾತ್ರ ಅವರ ಟವೆಲ್ಲಿನಡಿ. ಯಾವ್ಯಾವುದೋ ದೇಶದ ಜನ, ಕತ್ತಲಲ್ಲಿ ಗೋಡೆ ತಡವಿದಂತೆ ಆ ಕಾರ್ಡನ್ನು ತಡವಿ ತಾವೇ ಒಂದು ಡ್ರೈವರ್ ಬರೆದು, ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದುವಂತೆ ಇಟ್ಟಿದ್ದರು. ಕಂಪನಿಯದನ್ನು ಕಿತ್ತು ಅದನ್ನು ಹಾಕಿದೆ. ಮೇಜಿನ ಮೇಲಿನ ಸಣ್ಣ ಮಾನಿಟರಿನಲ್ಲಿ ದರದ ಪಟ್ಟಿ ಬೆಳಗಿತು. ಟಿವಿ ಬೆಳಗಲಿಲ್ಲ. ಟಿವಿಗೆ ಚಿತ್ರ ಕಳಿಸುವ ಬಗೆಯನ್ನು ಕಂಪನಿ ಹೇಳಿರಲಿಲ್ಲ, ಹೊಸ ಡ್ರೈವರ್ ಬರೆದವರಿಗೂ ಅದು ಇನ್ನೂ ಸಿಕ್ಕಿರಲಿಲ್ಲ.

"ಇಷ್ಟರಾಗ ಯಾರಿಗೆ ಕಾಣ್ತೈತ್ರಿ?" ಉಳವಪ್ಪ ನಕ್ಕ.

"ಕಾಣೋ ಜಾಗಾಕ್ಕ ಒಯ್ಯೋಣ. ಹಿಡೀರಿ ಸಾವ್ಕಾರ್ರ," ಎಂದೆ.

ನಾನೂ ನೀಲಕಂಠಪ್ಪನವರೂ ಆ ಮಣಭಾರದ ಮಾನಿಟರನ್ನು ಹೊತ್ತು ಹೊರಗಿನ ಕಟ್ಟೆಯ ಮೇಲಿಟ್ಟೆವು. ತಂತಿ ಸಾಲದೆ ಕಂಪ್ಯೂಟರನ್ನೂ ತಂದೆವು. ರೈತರು ಸುತ್ತ ನೆರೆದರು.

"ಈಗ ಬಾಯ್ಲೆ ಹೇಳಪಾ," ಎಂದಳು ದೇವಕ್ಕ.

ಉಳವಪ್ಪ ಗೊಣಗುತ್ತ ದರ ಹೇಳಿದ; ನಾನು ಅದನ್ನು ಕೀಲಿಮಣೆಯಲ್ಲಿ ಒತ್ತಿದೆ. ಹಿಂದೆ ನಿಂತಿದ್ದ ಇನ್ನೊಬ್ಬ ಖರೀದಿದಾರ ಪರದೆ ನೋಡಿ ಅದಕ್ಕಿಂತ ಹೆಚ್ಚು ಕೂಗಿದ. ಉಳವಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ಏರಿಸಿದ. ಮೂರನೆಯ ಸಲ ಪರದೆಯ ಅಂಕಿ ಬದಲಾದಾಗ ದೇವಕ್ಕ ಅಂಡಿಗೆಯಿಂದ ಇಳಿದಳು.

"ಮೊದಲ ಕೈ ಹಿಡದಿದ್ರ ಇದರಾಗ ಎಷ್ಟ ಕೊಡಾಂವ ಇದ್ದಿ, ಉಳವಪ್ಪ?"

ಅವನು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡ. ಅವಳು ಹತ್ತಿಯನ್ನು ತೂಕಕ್ಕೆ ಬಿಟ್ಟಳು.