ಬೇಲಿ ಮೇಲಿನ ಎರಡು ಜಮಖಾನ

ಹ್ಯಾಂಡ್‌ಪೋಸ್ಟಿನ ಪೇಟೆಬೀದಿಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಬಸವಪ್ರಸಾದ್ ಇಪ್ಪತ್ತು ಬಲ್ಬು, ಎರಡು ಸುರುಳಿ ವೈರು ಕಟ್ಟಿಸುತ್ತಿದ್ದ. ಪಕ್ಕದಲ್ಲೇ ಲೈನ್‌ಮನ್ ಮಹೇಂದ್ರ ಟೀ ಹೀರುತ್ತಾ ನಿಂತಿದ್ದ.

"ಏನ್ಲಾ ಬಸು, ಅಂಗಡೀನೇ ಒತ್ಕೊಂಡು ಓಯ್ತಿದ್ದೀಯಲ್ಲ. ಮದ್ವೆ ಏನಾರ ಗೊತ್ತಾಯ್ತಾ?"

"ನನಗ್ಯಾರಣ್ಣ ಎಣ್ಣು ಕೊಡ್ತಾರೆ? ನಮ್ಮಜ್ಜಿಗೆ ಎಂಬತ್ತಾಯ್ತು. ನಾಳೆ ವಂಶದೋರೆಲ್ಲ ಸೇರ್ತಾವ್ರೆ. ಕೆ.ಆರ್. ನಗರದೋರು, ಪಿರಿಯಾಪಟ್ನದೋರು, ಅರವತ್ತು ಜನ. ಅರ್ಧ ಜನ ಆಗ್ಲೇ ಬಂದು ಕುಂತವ್ರೆ."

"ಅಂಗಾರೆ ನೀರಿಗೆ ಯೋಚ್ನೆ ಇಲ್ಲ ಬುಡು. ನಿಮ್ಮ ಕಡೆ ಲೈನಿಗೆ ಇವತ್ತಿಂದ್ಲೇ ಹಗಲು ಪಾಳಿ. ಹನ್ನೆರಡಕ್ಕೆ ತ್ರೀಫೇಸ್ ಬತ್ತದೆ."

ಬಸುವಿನ ಕೈ ಬಲ್ಬಿನ ಡಬ್ಬದ ಮೇಲೆ ನಿಂತೇ ಹೋಯಿತು. "ಸೋಮವಾರದಿಂದ ಅಲ್ವಾ?"

"ಸೋಮವಾರನೇ ಇತ್ತು. ರಾತ್ರಿ ಲೈನ್ ಕೆಲ್ಸ ಅದೆ ಅಂತ ಎರಡು ದಿನ ಮುಂಚೇನೇ ಶುರು ಮಾಡವ್ರೆ. ಬೆಳಿಗ್ಗೆನೇ ಗ್ರೂಪಿಗೆ ಹಾಕಿದ್ನಲ್ಲೋ. ಯಾಕ್ಲಾ, ಮಖ ಯಾಕಂಗಾಯ್ತು?"

"ಏನಿಲ್ಲಣ್ಣ."

ಗೋಡೆಯ ಗಡಿಯಾರ ಹನ್ನೊಂದೂ ನಲವತ್ತು ತೋರಿಸುತ್ತಿತ್ತು. ತೋಟದ ಮನೆ ಇದ್ದದ್ದು ಒಂಬತ್ತು ಕಿಲೋಮೀಟರ್ ಆಚೆ. ಬಸು ಬಲ್ಬು, ವೈರು ಎಲ್ಲವನ್ನೂ ಅಲ್ಲೇ ಬಿಟ್ಟು ಬೈಕಿನ ಕಿಕ್ಕರ್ ಒದ್ದ. ಹಿಂದಿನಿಂದ ಅಂಗಡಿಯವನು ಕೂಗಿದ್ದು ಕೇಳಿಸಲಿಲ್ಲ.

ಕಂಠಪ್ಪನ ಬಾಳೆ ತೋಟದ ಸುತ್ತ ಇರುವ ತಂತಿಬೇಲಿಯಲ್ಲಿ ಕರೆಂಟು ಹರಿಯುತ್ತದೆ ಅನ್ನುವುದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಕಂಠಪ್ಪ. ಇನ್ನೊಬ್ಬ ಅವನ ತಮ್ಮನ ಮಗ, ಅಪ್ಪ ಸತ್ತ ಮೇಲೆ ಅದೇ ಮನೆಯಲ್ಲಿ ಅನ್ನ ತಿನ್ನುತ್ತಿದ್ದ, ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೋಟರು ರಿಪೇರಿ ಕಲಿತಿದ್ದ ಬಸವಪ್ರಸಾದ್. ನಾಲ್ಕು ತಿಂಗಳ ಹಿಂದೆ ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಬಾಳೆಗಿಡಗಳ ಬುಡ ಬಗೆದು ಹೋಗಿದ್ದವು. ಬೆಳಿಗ್ಗೆ ಕಂಠಪ್ಪ ಅವನನ್ನು ಮೋಟರು ಮನೆಗೆ ಕರೆದ.

"ಮೋಟರು ಲೈನಿಂದ ಒಂದು ಎಳೆ ಬೇಲಿಗೆ ಕೊಡ್ಲಾ."

"ಬ್ಯಾಡ ದೊಡ್ಡಪ್ಪ. ಅದು ಸೋಲಾರ್ ಬೇಲಿ ತರ ಜುಮ್ ಅಂದು ಬುಡಲ್ಲ. ಇಡಿದ್ರೆ ಇಡಿದಂಗೇ. ಜನ ಸಾಯ್ತಾರೆ."

"ಜನ ಯಾಕ್ಲಾ ಸಾಯ್ತಾರೆ? ತ್ರೀಫೇಸ್ ಬರೋದು ರಾತ್ರಿ ಅನ್ನೊಂದಕ್ಕೆ, ಓಗೋದು ಬೆಳಿಗ್ಗೆ ಆರಕ್ಕೆ. ಆ ಒತ್ನಲ್ಲಿ ಯಾವ ಜನ ತೋಟಕ್ಕೆ ಬತ್ತಾರೆ? ಹಗಲು ಪಾಳಿ ಬಂದಾಗ ನಾನೇ ವೈರು ಕಳಚ್ತೀನಿ. ಒಂಬತ್ತನೇ ಕ್ಲಾಸ್ ದಾಟ್ದೋನಲ್ಲ, ನನಗೆ ಲೆಕ್ಚರ್ ಕೊಡ್ತೀಯಾ?"

ಮೋಟರಿಗೆ ಬರುವ ತ್ರೀಫೇಸ್ ಕರೆಂಟು ಹದಿನೈದು ದಿನ ರಾತ್ರಿ, ಹದಿನೈದು ದಿನ ಹಗಲು. ಬಂದೊಡನೆ ಆಟೋ ಸ್ಟಾರ್ಟರ್ ಮೋಟರನ್ನು ತಾನೇ ಓಡಿಸುತ್ತಿತ್ತು. ಆ ಪಾಳಿಯೇ ಕಂಠಪ್ಪನ ಸ್ವಿಚ್ಚು. ಬಸು ವೈರು ಎಳೆದ. ಎಳೆಯುವಾಗ ಅವನ ಮೈಯೆಲ್ಲ ಸಿಟ್ಟು. ತಟ್ಟೆ ಮುಂದೆ ಕೂತಾಗಲೆಲ್ಲ ಒಂಬತ್ತನೇ ಕ್ಲಾಸಿನ ಮಾತು ಎತ್ತುವ ಈ ಮನುಷ್ಯನಿಗೆ ಒಂದು ಸಲವಾದರೂ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬೇಲಿಗೆ ಸಿಕ್ಕಿದ್ದು ಹಂದಿಯಲ್ಲ, ಪಕ್ಕದ ತೋಟದ ಅಂಕಯ್ಯನ ನಾಯಿ. ತಂತಿಯನ್ನು ಕಚ್ಚಿ ಹಿಡಿದಿತ್ತು. ಕರೆಂಟು ಹೋಗಿ ಗಂಟೆ ಕಳೆದಿದ್ದರೂ ಹಲ್ಲು ಬಿಟ್ಟಿರಲಿಲ್ಲ. ಬಿಡಿಸಲು ಬಸು ಕಟಿಂಗ್ ಪ್ಲೇಯರ್ ಹಾಕಬೇಕಾಯಿತು. ಕಂಠಪ್ಪ ಗುಂಡಿ ತೋಡಿ ಮುಚ್ಚಿದ. ಸಂಜೆ ಅಂಕಯ್ಯ ಹುಡುಕಿಕೊಂಡು ಬಂದಾಗ, "ಚಿರತೆ ಒತ್ಕೊಂಡೋಗಿರ್ಬೇಕು ಕಣಯ್ಯ" ಅಂದ. ಅಂದು, ಅವನಿಗೆ ಕಾಫಿಯನ್ನೂ ಕೊಡಿಸಿದ.

ಬೈಕು ಗುಂಡಿಗೆ ಹಾರಿ ಬಿದ್ದು ಎದ್ದಿತು. ಬಸು ಒಂದು ಕೈಯಲ್ಲಿ ಫೋನು ಒತ್ತಿದ. ದೊಡ್ಡಪ್ಪನ ನಂಬರು, ಅವನ ಮಗಳು ಸುಕನ್ಯಕ್ಕನ ನಂಬರು, ಮತ್ತೆ ದೊಡ್ಡಪ್ಪನ ನಂಬರು. ಎಲ್ಲವೂ ವ್ಯಾಪ್ತಿ ಪ್ರದೇಶದ ಹೊರಗೆ. ತೋಟದಲ್ಲಿ ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ ಸಿಗ್ನಲ್ಲು. ಹಬ್ಬದ ಮನೆಯಲ್ಲಿ ಟ್ಯಾಂಕ್ ಹತ್ತುವವರು ಯಾರು?

ಮಹೇಂದ್ರನಿಗೆ ಹೇಳಬಹುದಿತ್ತು. ಅಣ್ಣ, ಕರೆಂಟು ಸ್ಟೇಷನ್ನಿಗೆ ಫೋನ್ ಮಾಡಿ ಅರ್ಧ ಗಂಟೆ ತಡೆಸು, ಅಷ್ಟೇ ಸಾಕಿತ್ತು. ಆದರೆ ಯಾಕೆ ಅಂತ ಕೇಳುತ್ತಿದ್ದ. ಹೋದ ವರ್ಷ ಪಕ್ಕದ ಊರಿನಲ್ಲಿ ಹೀಗೇ ವೈರು ಎಳೆದವನನ್ನು ಪೊಲೀಸರು ಜೀಪು ಹತ್ತಿಸಿದಾಗ ಮಹೇಂದ್ರನೂ ಅಲ್ಲಿದ್ದ. ಆ ಜೀಪು ನೆನಪಾಗಿ ಬಸುವಿನ ಬಾಯಿಂದ 'ಏನಿಲ್ಲಣ್ಣ' ಬಂದಿತ್ತು.

ಇನ್ನೊಂದು ವಿಷಯ ನೆನಪಾದಾಗ ಅವನು ಆಕ್ಸಿಲೇಟರನ್ನು ಪೂರ್ತಿ ತಿರುವಿದ. ದೊಡ್ಡವ್ವ ಮಂಗಳಗೌರಿ ಬಟ್ಟೆ ಒಣಗಿಸುವುದು ಆ ಬೇಲಿಯ ಮೇಲೆಯೇ.

ಹಗಲು ಹೊತ್ತು ಅದು ಬರೀ ತಂತಿ. ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಮಂಗಳಗೌರಿ ವರ್ಷಗಳಿಂದ ಸೀರೆ, ಪಂಚೆ, ಕೌದಿ ಎಲ್ಲವನ್ನೂ ಅದರ ಮೇಲೇ ಹರವುತ್ತಿದ್ದಳು. ಅವಳಿಗೆ ಹೇಳೋಣ ಅಂತ ಬಸು ಎರಡು ಸಲ ಎತ್ತಿದ್ದ. "ಎಂಗಸರ ಕಿವಿಗೆ ಬಿದ್ರೆ ಊರಿಗೇ ಬಿದ್ದಂಗೆ" ಅಂತ ಕಂಠಪ್ಪ ಬಾಯಿ ಮುಚ್ಚಿಸಿದ್ದ. ಇವತ್ತು ಬೆಳಿಗ್ಗೆ ಬಸು ಹೊರಡುವಾಗ ದೊಡ್ಡವ್ವ ನೆಂಟರಿಗೆ ಹಾಸಲು ಅಟ್ಟದಿಂದ ಜಮಖಾನಗಳನ್ನು ಇಳಿಸಿ ನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಿದ್ದಳು.

ಮನೆಯಂಗಳಕ್ಕೆ ಬೈಕು ನುಗ್ಗಿದಾಗ ಸ್ಪೀಕರಿನಲ್ಲಿ ಹಾಡು ಕಿವಿ ಹರಿಯುತ್ತಿತ್ತು. ಶಾಮಿಯಾನದ ಕೆಳಗೆ ಹೆಂಗಸರು ಹೋಳಿಗೆಗೆ ಬೇಳೆ ಆರಿಸುತ್ತಾ, ಮೂರು ವರ್ಷದ ಸುದ್ದಿಯನ್ನು ಒಂದೇ ಬೆಳಿಗ್ಗೆಯಲ್ಲಿ ಮುಗಿಸುವ ಅವಸರದಲ್ಲಿದ್ದರು. ಕೆ.ಆರ್. ನಗರದಿಂದ ಬಂದಿದ್ದ ಕಂಠಪ್ಪನ ಮಗಳು ಸುಕನ್ಯ ಕೈಯೆತ್ತಿದಳು.

"ಬಂದ್ರಪ್ಪ ಕರೆಂಟ್ ಇಂಜಿನಿಯರ್ರು! ಲೋ, ಬಲ್ಬ್ ಎಲ್ಲೋ? ಬರೀ ಕೈಲಿ ಬಂದವ್ನೆ ನೋಡ್ರೇ. ಅಜ್ಜಿ ಹುಟ್ಟುಹಬ್ಬಕ್ಕೆ ಸೀಮೆಣ್ಣೆ ಬುಡ್ಡಿ ಹಚ್ಚಬೇಕಾ?"

"ಅಕ್ಕ, ದೊಡ್ಡವ್ವ ಎಲ್ಲಿ?"

"ಜಮಖಾನ ಒಣಗಾಕಕ್ಕೆ ಓಗವ್ಳೆ. ಪುಟ್ಟೀನೂ ಇಂದೇನೇ ಓದ್ಲು, ನಾನೂ ಇಡ್ಕೊತೀನಿ ಅಂತ."

ಪುಟ್ಟಿ ಸುಕನ್ಯಳ ಮಗಳು. ಏಳು ವರ್ಷ.

ಬಸು ಓಡಿದ. ಮನೆಯ ಹಿಂದೆ, ಹುಲ್ಲಿನ ಮೆದೆ ದಾಟಿ, ನೂರು ಹೆಜ್ಜೆ. ಟೈಮು ನೋಡಲು ಧೈರ್ಯ ಬರಲಿಲ್ಲ. ಬೇಲಿ ಕಂಡಿತು. ಎರಡು ಜಮಖಾನ, ಒಂದು ಕೆಂಪು ಪಟ್ಟೆ, ಒಂದು ನೀಲಿ ಪಟ್ಟೆ, ಆಗಲೇ ತಂತಿಯ ಮೇಲೆ ಹರಡಿದ್ದವು. ಮೂರನೆಯದರ ಒಂದು ತುದಿ ದೊಡ್ಡವ್ವನ ಹೆಗಲ ಮೇಲೆ, ಇನ್ನೊಂದು ತುದಿ ಪುಟ್ಟಿಯ ಎರಡು ಕೈಯಲ್ಲಿ. ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಬರಿಗಾಲಲ್ಲಿದ್ದರು. ಬೇಲಿಗೆ ನಾಲ್ಕೇ ಹೆಜ್ಜೆ.

ಅವರ ಆಚೆ, ಬಾಳೆಯ ಸಾಲಿನ ತುದಿಯಲ್ಲಿ ಒಣಗಿ ನಿಂತಿದ್ದ ಪೈಪು ಒಂದು ಸಲ ಕೆಮ್ಮಿತು. ಮಣ್ಣು ಬಣ್ಣದ ನೀರು ಉಗುಳಿತು. ಆಮೇಲೆ ದಬದಬನೆ ಸುರಿಯತೊಡಗಿತು.

"ದೊಡ್ಡವ್ವಾ! ಮುಟ್ಬ್ಯಾಡ!"

ಹಾಡು ಆ ಕೂಗನ್ನು ನುಂಗಿತು. ದೊಡ್ಡವ್ವ ಜಮಖಾನವನ್ನು ಬೀಸಲು ಹೆಗಲು ಎತ್ತಿದಳು. ಬಸು ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ಹಿಡಿದು ಇರುವ ಶಕ್ತಿಯೆಲ್ಲ ಹಾಕಿ ಹಿಂದಕ್ಕೆ ಎಳೆದ. ಮೂವರೂ ಕೆಸರಿನಲ್ಲಿ ಬಿದ್ದರು. ಪುಟ್ಟಿ ಕಿಟಾರನೆ ಕಿರುಚಿದಳು.

"ಏನ್ ಬಂತ್ಲಾ ನಿನಗೆ? ಮಗೀಗೆ ಏಟಾಯ್ತು ನೋಡು! ಬೆಳಿಗ್ಗಿಂದ ಒಗೆದು ನನ್ನ ಸೊಂಟ ಬಿದ್ದೋಗದೆ, ಎಲ್ಲ ಮಣ್ಣು ಮಾಡ್ದಲ್ಲೋ ಮುಂಡೇದೆ!"

ಬಸು ಎದ್ದು ಬೇಲಿಗೆ ಬೆನ್ನು ಮಾಡಿ ಎರಡೂ ಕೈ ಅಗಲಿಸಿ ನಿಂತ. ಪುಟ್ಟಿಯ ಕಿರುಚಾಟಕ್ಕೆ ಮನೆಯ ಕಡೆಯಿಂದ ಜನ ಓಡಿ ಬಂದರು. ಸುಕನ್ಯ, ಅವಳ ಗಂಡ ಮಹದೇವಪ್ರಸಾದ್, ಪಿರಿಯಾಪಟ್ಟಣದ ಅತ್ತೆಯರು, ಅವರ ಮಕ್ಕಳು. ಎಲ್ಲರ ಹಿಂದೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಕಂಠಪ್ಪ.

"ಏನ್ಲಾ ಅದು ಗಲಾಟೆ?"

"ಯಾರೂ ಅತ್ರ ಬರಬ್ಯಾಡ್ರಿ. ಬೇಲೀಲಿ ಕರೆಂಟ್ ಅದೆ."

ಒಂದು ಗಳಿಗೆ ಕಂಠಪ್ಪನ ಕಣ್ಣು ಅವನ ಕಣ್ಣಿನೊಳಗೆ ಇಳಿಯಿತು. ಆ ನೋಟ ಬಸುವಿಗೆ ಗೊತ್ತಿದ್ದದ್ದೇ. ಅಂಕಯ್ಯ ನಾಯಿಯನ್ನು ಹುಡುಕಿಕೊಂಡು ಬಂದ ದಿನ ಕಂಡದ್ದು.

"ಯಾವ ಕರೆಂಟ್ಲಾ? ಬರೀ ತಂತಿ ಇದು."

"ದೊಡ್ಡಪ್ಪ, ಪಾಳಿ—"

"ಬಾಯ್ಮುಚ್ಚು! ನೆಂಟ್ರ ಮುಂದೆ ಮನೆ ಮಾನ ಕಳೀತೀಯಾ? ಅಳಿಯಂದ್ರೇ, ತಪ್ಪು ತಿಳೀಬ್ಯಾಡ್ರಿ. ಇವನಿಗೆ ತಲೆ ಅಷ್ಟಕ್ಕಷ್ಟೇ. ಒಂಬತ್ತನೇ ಕ್ಲಾಸೂ ದಾಟ್ಲಿಲ್ಲ." ಕಂಠಪ್ಪ ನಗುತ್ತಾ ಮುಂದೆ ಬಂದ. "ನೋಡ್ರಪ್ಪ ಎಲ್ಲಾರೂ. ನಾನೇ ಇಡ್ಕೊಂಡು ತೋರಿಸ್ತೀನಿ."

ಅವನ ಲೆಕ್ಕದಲ್ಲಿ ಇನ್ನೂ ರಾತ್ರಿ ಪಾಳಿ ನಡೆಯುತ್ತಿತ್ತು. ಅದಕ್ಕೇ ಆ ನಗು. ಅಂಗೈ ಬಿಚ್ಚಿ, ತಂತಿಯನ್ನು ಮುಷ್ಟಿಯಲ್ಲಿ ಹಿಡಿಯಲು ಬೆರಳು ಅಗಲಿಸಿಕೊಂಡು ಬಂದ. ಬಸುವಿಗೆ ನಾಯಿಯ ಹಲ್ಲು ಕಂಡಿತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಹಿಡಿಯಲಿ ಅನ್ನಿಸಿತು. ಆ ಅನ್ನಿಸಿಕೆಗೆ ಅವನೇ ಬೆಚ್ಚಿಬಿದ್ದ. ತಲೆ ತಗ್ಗಿಸಿ ಹೋಗಿ ಹೆಗಲಿನಿಂದ ದೊಡ್ಡಪ್ಪನ ಎದೆಗೆ ಗುದ್ದಿದ. ಕಂಠಪ್ಪ ಅಂಗಾತ ಬಿದ್ದ. ಬಿಳಿ ಶರ್ಟು ಕೆಸರಾಯಿತು.

"ಅಯ್ಯೋ, ಸಾಕಿದ ದೊಡ್ಡಪ್ಪನ ಮೇಲೇ ಕೈ ಮಾಡ್ದ!" ಅಂತ ಯಾರೋ ಅತ್ತೆ ಕೂಗಿದಳು. ಮಹದೇವಪ್ರಸಾದ್ ಬಸುವಿನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದ. ಇನ್ನೊಂದು ಬಾರಿಸಿದ. ಬಸು ಏಟು ತಿನ್ನುತ್ತಲೇ ಕಾಲು ಕದಲಿಸದೆ ಬೇಲಿಯ ಮುಂದೆ ನಿಂತಿದ್ದ.

"ಒಡೀರಿ ಭಾವ. ಆದ್ರೆ ಮಕ್ಕಳ್ನ ಇಂದಕ್ಕೆ ಕಳಿಸಿ ಒಡೀರಿ."

ಆಗ ಅಜ್ಜಿ ಚಿಕ್ಕಸಿದ್ದಮ್ಮ ಕೋಲೂರಿಕೊಂಡು ಬಂದಳು. ಮೊಮ್ಮಗನ ಮುಖ ನೋಡಿದಳು. ಅವನ ತುಟಿಯಲ್ಲಿ ರಕ್ತ ಇತ್ತು. ಅವಳು ನೋಡಿದ್ದು ಅದನ್ನಲ್ಲ. ಏಟು ತಿಂದೂ ಬೇಲಿಯ ಮುಂದಿನಿಂದ ಕದಲದ ಅವನ ಕಾಲನ್ನು.

"ಆ ಹಾಡು ನಿಲ್ಸ್ರೋ ಮೊದಲು," ಅಂದಳು. "ಸುಳ್ಳು ಏಳೋನು ಇಂಗೆ ಏಟು ತಿಂದ್ಕೊಂಡು ನಿಲ್ಲಲ್ಲ. ಅವನು ಏನ್ ಏಳ್ತಾನೋ ಕೇಳಾನ."

ಯಾರೋ ಓಡಿಹೋಗಿ ಸ್ಪೀಕರ್ ಆರಿಸಿದರು.

ಬಸು ಮೋಟರು ಮನೆಯತ್ತ ಕೈ ಮಾಡಿದ. ಬಾಳೆ ಎಲೆಗಳ ಆಚೆಯಿಂದ ಮೋಟರಿನ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಪೈಪಿನಿಂದ ಸುರಿದ ನೀರು ಕಾಲುವೆ ತುಂಬಿ, ಬಿದ್ದಿದ್ದ ಕಂಠಪ್ಪನ ಕಾಲಿನವರೆಗೂ ಬಂದಿತ್ತು.

ಕಂಠಪ್ಪ ಆ ಸದ್ದು ಕೇಳಿದ. ಅವನ ಮುಖದ ಬಣ್ಣ ಇಳಿಯಿತು. ತನ್ನ ಅಂಗೈಯನ್ನು ತಾನೇ ನೋಡಿಕೊಂಡ.

"ಯಾವಾಗ ಬಂತು?" ಅಂದ, ಯಾರಿಗೂ ಕೇಳಿಸದ ಹಾಗೆ.

ಮಂಗಳಗೌರಿಗೆ ಕೇಳಿಸಿತು.

"ಯಾವಾಗ ಬಂತು ಅಂದ್ರೆ?" ಅವಳು ಕೆಸರಿನಿಂದ ಎದ್ದು ಗಂಡನ ಹತ್ತಿರ ಹೋದಳು. "ಬತ್ತದೆ ಅಂತ ಗೊತ್ತಿತ್ತಾ ನಿಮಗೆ? ದಿನಾ ನಾನು ಬಟ್ಟೆ ಆಕ್ತೀನಲ್ಲ, ನೀವು ಜಗಲಿ ಮೇಲೆ ಕಾಫಿ ಕುಡೀತಾ ನೋಡ್ತಾ ಇರ್ತೀರಲ್ಲ, ಗೊತ್ತಿದ್ದೂ ನೋಡ್ತಿದ್ರಾ?"

"ಹಗಲೊತ್ತು ಇರಲ್ಲ ಕಣೇ..."

"ಇದು ಹಗಲಲ್ವಾ? ಆ ಕಡೆ ತುದಿ ಇಡ್ದಿದ್ದು ಯಾರು ಗೊತ್ತಾ? ನಿಮ್ಮ ಮೊಮ್ಮಗಳು!"

ಸುಕನ್ಯ ಪುಟ್ಟಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮಗು ಇಳಿಸು ಅಂತ ಕೊಸರಾಡಿದರೂ ಬಿಡಲಿಲ್ಲ. ಅತ್ತೆಯರು ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ಕೂಗಿದ್ದಕ್ಕೆ ಓ ಅಂದವರನ್ನೂ ಮತ್ತೆ ಮುಟ್ಟಿ ಮುಟ್ಟಿ ನೋಡಿದರು. ಮಹದೇವಪ್ರಸಾದ್ ಹೊಡೆದ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಜೇಬಿಗೆ ಹಾಕಿಕೊಂಡ.

"ವೈರು ಎಳೆದಿದ್ದು ನಾನೇ," ಬಸು ಅಂದ. "ದೊಡ್ಡಪ್ಪ ಏಳಿದ್ರು, ನಾನು ಎಳ್ದೆ. ಅಂಕಯ್ಯನ ನಾಯಿ ಸತ್ತಿದ್ದೂ ಇದಕ್ಕೇ. ನಾನೇ ಅದರ ಬಾಯಿ ಬುಡಿಸಿದ್ದು."

ಅವನು ತಂತಿಯಿಲ್ಲದ ಮರದ ಗೇಟು ದಾಟಿ, ಬಾಳೆಯ ಒಳಗಿನ ದಾರಿ ಹಿಡಿದು ಮೋಟರು ಮನೆಗೆ ಹೋದ. ಮೇನ್ ಇಳಿಸಿದ. ಮೋಟರಿನ ಸದ್ದು ಸತ್ತಿತು. ಬೇಲಿಗೆ ಹೋಗಿದ್ದ ವೈರನ್ನು ಬುಡದಿಂದ ಕತ್ತರಿಸಿ, ಗೋಡೆಯಿಂದ ಕಿತ್ತು, ಅಷ್ಟನ್ನೂ ಸುತ್ತಿಕೊಂಡು ಬಂದು ಎಲ್ಲರ ಮುಂದೆ ನೆಲಕ್ಕೆ ಎಸೆದ.

"ಇನ್ನಿಲ್ಲ."

ಕಂಠಪ್ಪ ಎದ್ದು ಕೂತಿದ್ದ. ಅವನಿಗೆ ಕೈ ಕೊಟ್ಟು ಎಬ್ಬಿಸಲು ಯಾರೂ ಮುಂದೆ ಬಂದಿರಲಿಲ್ಲ. ಬೇಲಿಯ ಮೇಲೆ ಎರಡು ಜಮಖಾನ ಹಾಗೇ ಇದ್ದವು. ಗಾಳಿಗೆ ಕೆಂಪು ಪಟ್ಟೆಯದರ ಅಂಚು ಅಲ್ಲಾಡಿದಾಗ ಜನರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಅವೆರಡ್ನೂ ನೀನೇ ತಕ್ಕೊಂಡು ಬಾ," ದೊಡ್ಡವ್ವ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಬಸುವಿಗೆ ಇನ್ನೂ ಭಯವಾಯಿತು. "ಇನ್ನಿಲ್ಲ ಅಂದ್ಯಲ್ಲ. ಇಬ್ರೂ ಇದುವರ್ಗೂ ನನಗೆ ಮುಚ್ಚಿಟ್ಟಿದ್ರಿ. ನೀನು ಮುಟ್ಟು, ನಾನು ನೋಡ್ತೀನಿ."

ಅವನು ಬೇಲಿಯ ಹತ್ತಿರ ಹೋದ. ಮೇನ್ ಇಳಿಸಿದ್ದು ಅವನೇ. ವೈರು ಕಿತ್ತದ್ದು ಅವನೇ, ಅದು ಅಲ್ಲೇ ನೆಲದ ಮೇಲೆ ಬಿದ್ದಿದೆ. ತಂತಿಯಲ್ಲಿ ಏನೂ ಇಲ್ಲ ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. ಮೋಟರು ರಿಪೇರಿ ಅಂಗಡಿಯಲ್ಲಿ ಮೇಸ್ತ್ರಿ ಮೊದಲ ದಿನ ಕಲಿಸಿದ್ದು ನೆನಪಾಯಿತು: ಅನುಮಾನ ಇದ್ದರೆ ಅಂಗೈ ಚಾಚಬೇಡ, ಕರೆಂಟಿಗೆ ಮುಷ್ಟಿ ಬಿಗಿದುಕೊಳ್ಳುತ್ತದೆ; ಕೈಯ ಹಿಂಬದಿಯಿಂದ ಮುಟ್ಟು.

"ಬಸು ಮಾವ, ಬ್ಯಾಡ!" ಸುಕನ್ಯಳ ಹೆಗಲ ಮೇಲಿಂದ ಪುಟ್ಟಿ ಅತ್ತಳು.

ಅವನು ಅಂಗೈಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಕಣ್ಣು ಮುಚ್ಚಿದ. ಬೆರಳುಗಳ ಹಿಂಬದಿಯನ್ನು ಮೆಲ್ಲಗೆ ಕೆಂಪು ಪಟ್ಟೆಯ ಮೇಲೆ ತಂದ.

ಬಟ್ಟೆ ಬಿಸಿಲಿಗೆ ಬೆಚ್ಚಗಿತ್ತು. ಅಷ್ಟೇ.