ಎದ್ದವು ತಡೆದುಕೊಳ್ಳುತ್ತವೆ

ಭಾನುಪ್ರಿಯಳ ತಂಡ ಸೇನಾ ಅಕಾಡೆಮಿಯೊಂದರ ಕೆಡೆಟ್‌ಗಳ ನಿದ್ದೆಯನ್ನು ಅಳೆಯುತ್ತಿತ್ತು. ರಾತ್ರಿ ತಡವಾಗಿ ನಿದ್ದೆ ಹತ್ತಿ, ನಸುಕಿನ ಓಟದಲ್ಲಿ ಹಿಂದೆ ಬೀಳುವ ಹನ್ನೊಂದು ಜನರನ್ನು ‘ದುರ್ಬಲರು’ ಎಂದು ವರದಿಯಲ್ಲಿ ಬರೆದು ಕಳಿಸಿ, ಅವಳು ತನ್ನೂರು ಹೊಂಗನೂರಿಗೆ ಬಂದಳು.

ಮನೆಯಲ್ಲಿ ರೇಷ್ಮೆಹುಳುಗಳು ಪೊರೆ ಬಿಡಲು ಮಲಗಿದ್ದವು. ಬಹುಪಾಲು ಆಗಲೇ ಎದ್ದು ತಲೆಯಾಡಿಸುತ್ತಿದ್ದುದನ್ನು ಕಂಡು ಹಿಪ್ಪುನೇರಳೆ ಸೊಪ್ಪು ಹಾಕಹೋದವಳ ಕೈಯನ್ನು ಅವ್ವ ಶಿವಲಿಂಗಮ್ಮ ಹಿಡಿದಳು.

“ತಡಿ ಕಣವ್ವ, ಇನ್ನೂ ಒಸಿ ಮಲಗವೆ. ಈಗ್ಲೇ ಸೊಪ್ಪಾಕ್ಬುಟ್ರೆ ಅವು ಅದರಡೀಲೇ ಸಾಯ್ತವೆ. ಎಲ್ಲಾ ಏಳ್ಲಿ.”

“ಎದ್ದವಕ್ಕೆ ಹಸಿವಾಗಲ್ವೇನವ್ವ?”

“ಎದ್ದವು ತಡ್ಕೋತವೆ.”

ಭಾನುಪ್ರಿಯ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಅಕಾಡೆಮಿಯ ಕರ್ನಲ್‌ಗೆ ಫೋನ್ ಮಾಡಿದಳು.

“ಸರ್, ಆ ವರದಿ ವಾಪಸ್ ಕೊಡಿ. ಒಂದು ತಿಂಗಳು ಓಟವನ್ನು ಒಂದು ಗಂಟೆ ತಡವಾಗಿ ಶುರು ಮಾಡಿ ನೋಡೋಣ.”

“ಬೇಗ ಏಳೋ ಹುಡುಗರು ಅಲ್ಲೀತನಕ ಸುಮ್ನೆ ಕೂತಿರ್ಬೇಕಾ?” ಕರ್ನಲ್ ರೇಗಿದರು.

“ತಡ್ಕೋತಾರೆ ಸರ್.”